ಕತ್ತಲ ಎಲ್ಫ್‌ಗಳಿಗೆ ಒಂದು ಊರು, ಒಂದು ಚರಿತ್ರೆ: ಮಲೆನಾಡಲ್ಲಿ ಕೂತು ಕಟ್ಟುವ ಬಗೆ

ಜುಲೈ ತಿಂಗಳಲ್ಲಿ ಆಗುಂಬೆ ಕಡೆಯ ಒಂದು ಮನೆಯಲ್ಲಿ ರಾತ್ರಿ ಉಳಿದು ನೋಡಿ. ಕರೆಂಟ್ ಹೋಗಿರುತ್ತದೆ. ಕೈ ಚಾಚಿದರೆ ಕೈ ಕಾಣುವುದಿಲ್ಲ. ಆದರೆ ಮನೆಯವರಿಗೆ ಎಲ್ಲವೂ ಗೊತ್ತಿರುತ್ತದೆ. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಬೇರೆ, ಅಡಿಕೆ ಸೋಗೆ ಮೇಲೆ ಬೀಳುವ ಸದ್ದು ಬೇರೆ. ಅಂಗಳ ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಅಂತ ಕಿವಿಯಲ್ಲೇ ಹೇಳುತ್ತಾರೆ. ನಾನು ಕತ್ತಲ ಎಲ್ಫ್‌ಗಳ ಬಗ್ಗೆ ನಿಜವಾಗಿ ಯೋಚಿಸಲು ಶುರು ಮಾಡಿದ್ದು ಅಂಥ ಒಂದು ರಾತ್ರಿ. ಎಲ್ಫ್ ಅಂದರೆ ಪಶ್ಚಿಮದ ಕಥೆಗಳಲ್ಲಿ ಬರುವ, ಮನುಷ್ಯರ ಹಾಗೇ ಇರುವ ಮಾಯಾಜೀವಿ. ಅವರಲ್ಲಿ ಕತ್ತಲಿಗೆ ಸೇರಿದ ಪಂಗಡ ಇವರು.

ಶಿವಮೊಗ್ಗದಲ್ಲಿ ನಾವು ಐದಾರು ಗೆಳೆಯರು ಭಾನುವಾರ ಕೂತು ದಾಳ ಹಾಕಿ ಕಥೆ ಆಡುತ್ತೇವೆ. ಒಬ್ಬರು ಲೋಕ ಕಟ್ಟುತ್ತಾರೆ, ಉಳಿದವರು ಅದರೊಳಗೆ ಪಾತ್ರಗಳಾಗುತ್ತಾರೆ. ನಾನು ಮೊದಲ ಸಲ ಕತ್ತಲ ಎಲ್ಫ್‌ಗಳನ್ನು ತಂದಾಗ ಎಲ್ಲ ಸಾಮಾನು ಸರಿಯಾಗಿತ್ತು. ಕಪ್ಪು ಮೈ, ಬಿಳಿ ಕೂದಲು, ಜೇಡ ದೇವತೆ, ವಿಷ ಸವರಿದ ಕತ್ತಿ. ಅರ್ಧ ಗಂಟೆಯಲ್ಲಿ ಒಬ್ಬ ಗೆಳತಿ ಕೇಳಿದಳು: "ಇವರು ಬೆಳಗ್ಗೆ ತಿಂಡಿಗೆ ಏನು ಮಾಡ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಯಿಂದ ಹಿಂದಕ್ಕೆ ಹೋಗಿ ಒಂದೊಂದಾಗಿ ಕಟ್ಟಿದ ದಾರಿ ಇದು. ಕನ್ನಡದಲ್ಲಿ ಫ್ಯಾಂಟಸಿ ಕಥೆ ಬರೆಯುವವರಿಗೂ, ಆಟಕ್ಕೆ ಲೋಕ ಕಟ್ಟುವವರಿಗೂ ಉಪಯೋಗ ಆಗಬಹುದು.

ಮೊದಲ ಹೆಜ್ಜೆ: ಇವರು ಎಲ್ಲಿಂದ ಬಂದವರು ತಿಳಿದುಕೊಳ್ಳಿ

ಕತ್ತಲ ಎಲ್ಫ್ ಅನ್ನೋದು ವಿಡಿಯೋ ಗೇಮಿನವರು ಹುಟ್ಟಿಸಿದ್ದಲ್ಲ. ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ 13ನೇ ಶತಮಾನದಲ್ಲಿ ಬರೆದ ಗದ್ಯ ಎಡ್ಡಾ ಎಂಬ ನಾರ್ಸ್ ಪುರಾಣಗಳ ಪುಸ್ತಕದಲ್ಲಿ ಎಲ್ಫ್‌ಗಳನ್ನು ಎರಡು ಪಂಗಡ ಮಾಡಿದ. ಬೆಳಕಿನ ಎಲ್ಫ್‌ಗಳು ಸೂರ್ಯನಿಗಿಂತ ಚೆಂದ, ಕತ್ತಲ ಎಲ್ಫ್‌ಗಳು ಡಾಂಬರಿಗಿಂತ ಕಪ್ಪು, ನೆಲದ ಕೆಳಗೆ ವಾಸ. ಇಷ್ಟೇ ವಿವರ. ಅವರ ಹಬ್ಬ ಯಾವುದು, ಜಗಳ ಯಾವುದು, ಏನೂ ಇಲ್ಲ. ಅದೇ ಪುಸ್ತಕದಲ್ಲಿ ಕಪ್ಪು ಎಲ್ಫ್‌ಗಳ ನಾಡು ಅಂತ ಒಂದು ಬರುತ್ತದೆ. ಅಲ್ಲಿ ಇರುವವರು ನೋಡಿದರೆ ಕುಳ್ಳರು, ಕಮ್ಮಾರರು. ಹಾಗಾಗಿ ಎರಡೂ ಒಂದೇ ಜನ ಇರಬಹುದು ಅಂತ ಅನೇಕ ವಿದ್ವಾಂಸರ ಅಭಿಪ್ರಾಯ. ಫೆನ್ರಿರ್ ಎಂಬ ತೋಳವನ್ನು ಕಟ್ಟುವ ಪಟ್ಟಿಯನ್ನು ದೇವರುಗಳು ಮಾಡಿಸಿಕೊಂಡದ್ದು ಅಲ್ಲೇ. ಬೆಕ್ಕಿನ ಹೆಜ್ಜೆ ಸದ್ದು, ಬೆಟ್ಟದ ಬೇರು, ಮೀನಿನ ಉಸಿರು, ಹಕ್ಕಿಯ ಎಂಜಲು, ಇಂಥವನ್ನೆಲ್ಲ ಸೇರಿಸಿ ನೇಯ್ದದ್ದು. ನನಗೆ ಇದು ತುಂಬಾ ಇಷ್ಟ. ಮೇಲಿನವರು ಕೆಳಗಿನವರನ್ನು ಹತ್ತಿರ ಸೇರಿಸುವುದಿಲ್ಲ, ಆದರೆ ಕಷ್ಟ ಬಂದಾಗ ಅವರ ಕೈಕೆಲಸವೇ ಬೇಕು.

ಆಮೇಲೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್, ಆರ್ಕ್‌ನಿ ದ್ವೀಪಗಳ ಜನಪದ ಕಥೆಗಳಲ್ಲಿ ಟ್ರೋ ಎಂಬ ಇರುಳಿನ ಜೀವಿಗಳು ಬರುತ್ತಾರೆ. ದಿಬ್ಬಗಳ ಒಳಗೆ ಇರುತ್ತಾರೆ, ಪಿಟೀಲು ಅಂದರೆ ಪ್ರಾಣ. ಊರಿನ ಪಿಟೀಲುಗಾರನನ್ನು ಒಂದು ರಾತ್ರಿಗೆ ಅಂತ ಒಳಗೆ ಕರೆದೊಯ್ಯುತ್ತಾರೆ, ಅವನು ಹೊರಗೆ ಬರುವಷ್ಟರಲ್ಲಿ ಎಷ್ಟೋ ವರ್ಷ ಕಳೆದಿರುತ್ತದೆ. ಆ ಹೆಸರಿನದೇ ಇನ್ನೊಂದು ರೂಪ ಡ್ರೋ. ದಾಳ ಹಾಕಿ ಕಥೆ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟವನ್ನು ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1977-78ರಲ್ಲಿ ಈ ಹೆಸರನ್ನು ಎತ್ತಿಕೊಂಡು ಇವತ್ತು ನಮಗೆ ಗೊತ್ತಿರುವ ರೂಪ ಕೊಟ್ಟರು. ನೆಲದಡಿಯ ನಗರ, ಹೆಂಗಸರ ಆಳ್ವಿಕೆ, ಲೋಲ್ತ್ ಎಂಬ ಜೇಡ ದೇವತೆ. ಆಗಿನ ನಿಯಮದಲ್ಲಿ ಒಂದು ಸೊಗಸಾದ ಅಂಶ ಇತ್ತು: ಡ್ರೋಗಳು ಮಾಡಿದ ಕತ್ತಿ, ಕವಚ ಬಿಸಿಲಿಗೆ ಬಂದರೆ ಹಾಳಾಗಿ ಹೋಗುತ್ತವೆ. ಅಂದರೆ ಅವರ ಸಂಪತ್ತನ್ನು ಮೇಲಿನವರು ಕದ್ದು ಉಪಯೋಗಿಸುವ ಹಾಗಿಲ್ಲ.

2002ರಲ್ಲಿ ಬಂದ ಮಾರೋವಿಂಡ್ ಗೇಮ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ ಕತ್ತಲ ಎಲ್ಫ್‌ಗಳಾದ ಡನ್ಮರ್ ಜನ ಬೂದಿ ಬಣ್ಣದವರು, ಕೆಂಪು ಕಣ್ಣಿನವರು, ಬೆಂಕಿಬೆಟ್ಟದ ಪಕ್ಕದಲ್ಲಿ ನೆಲದ ಮೇಲೇ ಬದುಕುವವರು. ಸತ್ತ ಹಿರಿಯರನ್ನು ಪೂಜಿಸುತ್ತಾರೆ. ದೊಡ್ಡ ಹುಳುವಿನ ಚಿಪ್ಪಿನೊಳಗೆ ಕೂತು ಪ್ರಯಾಣ ಮಾಡುತ್ತಾರೆ, ಹುಳುಗಳ ಮೊಟ್ಟೆಯನ್ನು ಗಣಿಯಿಂದ ತೆಗೆದು ತಿನ್ನುತ್ತಾರೆ. ಗುಲಾಮರನ್ನೂ ಇಟ್ಟುಕೊಂಡಿದ್ದಾರೆ. ನಮ್ಮ ಗೆಳತಿಯ ತಿಂಡಿ ಪ್ರಶ್ನೆಗೆ ಅಲ್ಲಿ ಉತ್ತರ ಇದೆ. ಅದಕ್ಕೇ ಆ ಜನ ಇಷ್ಟು ವರ್ಷ ಆದರೂ ನೆನಪಲ್ಲಿ ಉಳಿದಿದ್ದಾರೆ.

ಎರಡನೇ ಹೆಜ್ಜೆ: ಕತ್ತಲಿಗೆ ಯಾಕೆ ಹೋದರು, ಯಾರು ಕಳಿಸಿದರು

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೂರಬೇಕಾದ ಜಾಗ ಇದು. ಬಹಳ ಕಥೆಗಳಲ್ಲಿ "ಅವರು ಪಾಪ ಮಾಡಿದರು, ಶಾಪ ತಟ್ಟಿತು, ಕೆಳಗೆ ಹೋದರು" ಅಂತ ಒಂದೇ ಸಾಲು ಇರುತ್ತದೆ. ಆ ಸಾಲನ್ನು ಬರೆದವರು ಯಾರು? ಮೇಲೆ ಉಳಿದವರು. ಕೆಳಗಿನವರನ್ನು ಕೇಳಿದರೆ ಬೇರೆ ಕಥೆ ಬರುತ್ತದೆ. ನಿಮ್ಮ ಜನಾಂಗದ ಚರಿತ್ರೆಯನ್ನು ಕೆಳಗಿನವರ ಬಾಯಲ್ಲಿ ಮೊದಲು ಬರೆಯಿರಿ. ಮೇಲಿನವರ ಮಾತು ಆಮೇಲೆ ಬರಲಿ.

ನಮಗೆ ಇದು ಹೊಸ ವಿಚಾರ ಏನಲ್ಲ. ಬಲಿ ಚಕ್ರವರ್ತಿಯನ್ನು ಪಾತಾಳಕ್ಕೆ ತುಳಿದ ಕಥೆ ಎಲ್ಲರಿಗೂ ಗೊತ್ತು. ಆದರೆ ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ನಮ್ಮ ಮನೆಗಳಲ್ಲಿ ಕೂರಿಸಿ ಪೂಜೆ ಮಾಡುವುದು ತುಳಿಸಿಕೊಂಡ ಬಲೀಂದ್ರನಿಗೆ. ವರ್ಷಕ್ಕೊಮ್ಮೆ ಅವನು ತನ್ನ ಜನರನ್ನು ನೋಡಲು ಬರುತ್ತಾನೆ ಅಂತ ದೀಪ ಹಚ್ಚುತ್ತೇವೆ. ನೆಲದಡಿಗೆ ಹೋದವನು ಕೆಟ್ಟವನು ಅಂತ ಈ ಮಣ್ಣು ಯಾವತ್ತೂ ಸುಮ್ನೆ ಒಪ್ಪಿಕೊಂಡಿಲ್ಲ.

ಇನ್ನೂ ಹತ್ತಿರದ್ದು ಬೇಕಾದರೆ ಶರಾವತಿ ಕಣಿವೆಗೆ ಬನ್ನಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಊರುಗಳು, ಗದ್ದೆ, ತೋಟ, ದೇವಸ್ಥಾನ ನೀರಿನಡಿ ಹೋದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅದು ಮತ್ತೆ ಮೇಲೆ ಕಾಣುತ್ತದೆ. ನಮ್ಮ ಅಜ್ಜಿ ಆ ಕಡೆಯವರು. ಅವರ ಲೆಕ್ಕದಲ್ಲಿ ಇಸವಿ ಇರಲಿಲ್ಲ. "ಅದು ಮುಳುಗಡೆಗಿಂತ ಮುಂಚೆ", "ಇವನು ಹುಟ್ಟಿದ್ದು ಮುಳುಗಡೆ ಆಗಿ ಎರಡು ವರ್ಷಕ್ಕೆ", ಹೀಗೇ ಎಣಿಸುತ್ತಿದ್ದರು. ಒಮ್ಮೊಮ್ಮೆ ಜಗಲಿ ಮೇಲೆ ಕೂತು ಬೆರಳಲ್ಲಿ ನೆಲದ ಮೇಲೆ ಗೆರೆ ಎಳೆಯುವರು. ಇದು ಹೆಬ್ಬಾಗಿಲು, ಇದು ಕೊಟ್ಟಿಗೆ, ಇಲ್ಲಿ ಹಲಸಿನ ಮರ. ಬೆರಳಿಗೆ ಬಣ್ಣ ಇಲ್ಲ, ನೆಲದ ಮೇಲೆ ಏನೂ ಮೂಡುತ್ತಿರಲಿಲ್ಲ. ಆದರೂ ಗೆರೆ ಪ್ರತಿ ಸಲವೂ ಅದೇ ಜಾಗಕ್ಕೆ ಹೋಗುತ್ತಿತ್ತು.

ನೀವು ಕಟ್ಟುವ ಜನಕ್ಕೂ ಅಂಥ ಒಂದು ದಿನ ಬೇಕು. ಅವರ ಪಂಚಾಂಗ ಅಲ್ಲಿಂದ ಶುರುವಾಗಲಿ.

ನಾನು ಮಾಡಿಕೊಂಡದ್ದು ಹೀಗೆ. ನನ್ನ ಎಲ್ಫ್‌ಗಳು ಮೊದಲು ದಟ್ಟ ಕಾಡಿನ ನೆರಳಲ್ಲಿ, ಒಂದು ಒರತೆಯ ಸುತ್ತ ಇದ್ದರು. ಮನುಷ್ಯರ ರಾಜ ಊರು ಕಟ್ಟಲು ಕಾಡು ಕಡಿಸಿದ. ನೆರಳು ಹೋಯಿತು. ಬಿಸಿಲು ತಡೆಯದ ಮೈ ಅವರದು. ಒರತೆಯ ನೀರು ಎಲ್ಲಿಂದ ಬರುತ್ತದೋ ಆ ಬಿರುಕಿನೊಳಗೇ ಹೋದರು. ಮೇಲಿನವರ ದಾಖಲೆಯಲ್ಲಿ ಅದು "ಕಾಡುಗಳ್ಳರನ್ನು ಅಟ್ಟಿದ ವರ್ಷ". ಕೆಳಗಿನವರಿಗೆ ಅದು "ನೆರಳು ಸತ್ತ ವರ್ಷ". ಕಾಲಗಣನೆ ಅಲ್ಲಿಂದಲೇ. ಈಗ ನೆರಳು ಸತ್ತ 212ನೇ ವರ್ಷ ನಡೆಯುತ್ತಿದೆ.

ಇಲ್ಲಿ ಇನ್ನೊಂದು ಮಾತು. ಎಲ್ಫ್‌ಗಳಿಗೆ ಆಯಸ್ಸು ಜಾಸ್ತಿ, ನೂರಾರು ವರ್ಷ ಬದುಕುತ್ತಾರೆ. ಇದನ್ನು ಬಹಳ ಜನ ಬರೆದಿಟ್ಟು ಮರೆತುಬಿಡುತ್ತಾರೆ. 212 ವರ್ಷ ಅಂದರೆ ಮೇಲಿನ ಮನುಷ್ಯರಿಗೆ ಎಂಟು ತಲೆಮಾರು, ಯಾರಿಗೂ ನೆನಪಿಲ್ಲ, ಯಾರ ತಪ್ಪೂ ಅಲ್ಲ. ಕೆಳಗೆ ಮಾತ್ರ ಆ ದಿನ ಕಣ್ಣಾರೆ ಕಂಡ ಅಜ್ಜಿ ಇನ್ನೂ ಒಲೆ ಮುಂದೆ ಕೂತಿದ್ದಾಳೆ. ಮೇಲಿನವರಿಗೆ ಇತಿಹಾಸ, ಕೆಳಗಿನವರಿಗೆ ನಿನ್ನೆ. ಇಬ್ಬರೂ ಒಂದು ಮೇಜಿಗೆ ಕೂತು ರಾಜಿ ಮಾತಾಡಲಿ, ಜಗಳ ತಾನಾಗಿ ಹುಟ್ಟುತ್ತದೆ. ನೀವು ಏನೂ ಹಚ್ಚಬೇಕಿಲ್ಲ.

ಮೂರನೇ ಹೆಜ್ಜೆ: ಹೆಸರಿಡಿ, ಎರಡೆರಡು

ಒಂದು ಅವರನ್ನು ಬೇರೆಯವರು ಕರೆಯುವ ಹೆಸರು, ಒಂದು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು. ನನ್ನ ಜನರನ್ನು ಮೇಲಿನವರು "ಮಸಿಯರು" ಅನ್ನುತ್ತಾರೆ. ಅವರು ತಮ್ಮನ್ನು "ತಣ್ಣೆಳಲಿನವರು" ಅಂದುಕೊಳ್ಳುತ್ತಾರೆ. ತಣ್ಣೆಳಲು ಅಂದರೆ ತಂಪಾದ ನೆರಳು. ಕಳೆದುಕೊಂಡದ್ದೇ ಹೆಸರಾಗಿ ಉಳಿದಿದೆ.

ಊರಿನ ಹೆಸರಿಗೂ ಇದೇ ಮಾತು. ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಗಿದ್ದೀರಲ್ವಾ? ಕೆಳದಿ ಅರಸರ ಕಾಲದಲ್ಲಿ ಅದು ಬಿದನೂರು. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರ್‌ನಗರ. ಈಗ ಬರೀ ನಗರ. ಒಂದೇ ಕೋಟೆ, ಒಂದೇ ಕೆರೆ, ಹೆಸರು ಮಾತ್ರ ಮೂರು. ನಿಮ್ಮ ನಕ್ಷೆಯಲ್ಲಿ ಒಂದಾದರೂ ಊರಿಗೆ ಹೀಗೆ ಪದರ ಪದರವಾಗಿ ಹೆಸರಿರಲಿ. ಯಾವ ಪಾತ್ರ ಯಾವ ಹೆಸರು ಹಿಡಿದು ಕರೆಯುತ್ತದೆ ಅನ್ನುವುದರಲ್ಲೇ ಅದು ಯಾರ ಕಡೆ ಅಂತ ಓದುಗನಿಗೆ ತಿಳಿಯುತ್ತದೆ.

ಒಂದು ಎಚ್ಚರಿಕೆ. ಕತ್ತಲ ಜನ ಅಂದ ಕೂಡಲೇ "ಇರುಳಿಗರು" ಅನ್ನುವ ಹೆಸರು ಯಾರಿಗಾದರೂ ಹೊಳೆಯುತ್ತದೆ. ನನಗೂ ಹೊಳೆಯಿತು. ಇಡಬೇಡಿ. ಇರುಳಿಗರು ರಾಮನಗರ, ಕನಕಪುರ ಕಡೆ ಬದುಕುತ್ತಿರುವ ನಿಜವಾದ ಬುಡಕಟ್ಟು ಜನ. ಯಾವ ಹೆಸರು ಹೊಳೆದರೂ ಅದು ಯಾರದಾದರೂ ಮನೆತನದ್ದೋ ಸಮುದಾಯದ್ದೋ ಅಂತ ವಿಚಾರಿಸಿ ನೋಡಿ.

ನಾಲ್ಕನೇ ಹೆಜ್ಜೆ: ಕತ್ತಲನ್ನು ತುಂಬಿ

ಕತ್ತಲು ಅಂದರೆ ಖಾಲಿ ಅಂತ ಬರೆಯುವವನು ಬೆಳಕಿನವನು. ಅಲ್ಲೇ ಹುಟ್ಟಿ ಬೆಳೆದವರಿಗೆ ಅದರಲ್ಲಿ ಹತ್ತು ಬಗೆ ಇರಬೇಕು. ಕನ್ನಡದಲ್ಲೇ ಎಷ್ಟಿವೆ ನೋಡಿ: ನಸುಕು, ಮಬ್ಬು, ಮುಸ್ಸಂಜೆ, ಇರುಳು, ಕಾವಳ, ಕಾರಿರುಳು, ಕಗ್ಗತ್ತಲು, ಗವ್ವೆನ್ನುವ ಕತ್ತಲು. ಒಂದೊಂದು ಪದಕ್ಕೂ ಒಂದೊಂದು ಕೆಲಸ ಕೊಡಿ. ನನ್ನ ತಣ್ಣೆಳಲಿನವರು ಮಬ್ಬಿನಲ್ಲಿ ವ್ಯಾಪಾರ ಮಾಡುತ್ತಾರೆ, ಕಾವಳದಲ್ಲಿ ಅಡುಗೆ, ಕಾರಿರುಳಲ್ಲಿ ಮಾತ್ರ ಸತ್ತವರ ಹೆಸರು ಹೇಳುತ್ತಾರೆ.

ಬೆಳಕು ಪೂರಾ ಇರಬಾರದು ಅಂತೇನಿಲ್ಲ. ಮಳೆ ಶುರುವಾಗುವ ಮುಂಚೆ ನಮ್ಮ ಕಾಡಂಚಿನಲ್ಲಿ ಮಿಂಚುಹುಳು ಮರ ತುಂಬ ಕೂತಿರುವುದನ್ನು ನೋಡಿರುತ್ತೀರಿ. ಮಳೆಗಾಲದಲ್ಲಿ ಪಶ್ಚಿಮಘಟ್ಟದ ಕೊಳೆತ ಕಟ್ಟಿಗೆ ಮೇಲೆ ಹಸಿರಾಗಿ ಮಿನುಗುವ ಅಣಬೆ, ಬೂಷ್ಟು ಇರುತ್ತವೆ. ಟಾರ್ಚ್ ಆರಿಸಿ ಐದು ನಿಮಿಷ ಕಣ್ಣು ಹೊಂದಿಕೊಳ್ಳಲು ಬಿಟ್ಟರೆ ಮಾತ್ರ ಕಾಣುತ್ತದೆ. ಆ ಐದು ನಿಮಿಷವನ್ನು ಒಂದು ಮರ್ಯಾದೆಯಾಗಿ ಮಾಡಿ. ಹೊರಗಿನವನು ಅವರ ಊರಿಗೆ ಬಂದರೆ ಬಾಗಿಲಲ್ಲಿ ದೀಪ ಆರಿಸಿ, ಕಣ್ಣು ಹೊಂದುವ ತನಕ ಸುಮ್ಮನೆ ಕೂರಬೇಕು. ಪಂಜು ಹಿಡಿದು ನುಗ್ಗುವವನು ಅತಿಥಿ ಅಲ್ಲ.

ಐದನೇ ಹೆಜ್ಜೆ: ಊಟ, ಉಪ್ಪು, ವ್ಯಾಪಾರ

ಬಿಸಿಲಿಲ್ಲದೆ ಪೈರು ಬೆಳೆಯುವುದಿಲ್ಲ. ನಿಜವಾದ ಗವಿಗಳಲ್ಲಿ ಬಹುಪಾಲು ಜೀವಿಗಳ ಹೊಟ್ಟೆ ಹೊರಗಿನದರಿಂದಲೇ ತುಂಬುತ್ತದೆ. ನೀರು ಕೊಚ್ಚಿ ತರುವ ಎಲೆ, ಕಡ್ಡಿ, ಬಾವಲಿಗಳ ಹಿಕ್ಕೆ. ಹಿಕ್ಕೆ ಮೇಲೆ ಬೂಷ್ಟು, ಬೂಷ್ಟಿನ ಮೇಲೆ ಹುಳು. ಹಾಗಾದರೆ ನಿಮ್ಮ ಎಲ್ಫ್‌ಗಳಿಗೆ ಬಾವಲಿ ಅಂದರೆ ನಮಗೆ ದನ ಇದ್ದ ಹಾಗೆ. ಬಾವಲಿ ಹೊರಗೆ ಹಾರುವ ಹೊತ್ತು ಅವರಿಗೆ ಗೋಧೂಳಿ. ಮೇಲಿನವರು ಗವಿಬಾಯಿಗೆ ಹೊಗೆ ಹಾಕಿ ಬಾವಲಿ ಓಡಿಸಿದರೆ ಅದು ಯುದ್ಧಕ್ಕೆ ಸಾಕಾದ ಕಾರಣ.

ಉಳಿದದ್ದಕ್ಕೆ ಮಲೆನಾಡಿನ ಅಡುಗೆಮನೆ ನೋಡಿ ಕಲಿಯಬಹುದು. ನಾಲ್ಕು ತಿಂಗಳ ಮಳೆಗೆ ಕೂಡಿಡುವುದೇ ಇಲ್ಲಿನ ಬದುಕು. ಉಪ್ಪುನೀರಲ್ಲಿ ಅಪ್ಪೆಮಿಡಿ, ಅಟ್ಟದ ಮೇಲೆ ಹೊಗೆಗೆ ಕಟ್ಟಿದ ಗಂಟು, ಮಳೆ ಬಂದ ಮೇಲೆ ಕಳಲೆ, ಅಣಬೆ. ಹಿಂದೆ ಉಪ್ಪು ಮಾತ್ರ ಘಟ್ಟದ ಕೆಳಗಿನಿಂದ ಬರಬೇಕಿತ್ತು. ನಿಮ್ಮ ಜನಕ್ಕೂ ತಾವು ಮಾಡಿಕೊಳ್ಳಲಾಗದ ಒಂದು ವಸ್ತು ಇರಲಿ. ಅದು ಯಾರ ಕೈಯಲ್ಲಿ ಇದೆಯೋ ಅವರಿಗೆ ಬಾಗಬೇಕಾಗುತ್ತದೆ. ಅಲ್ಲಿಂದ ರಾಜಕೀಯ ಹುಟ್ಟುತ್ತದೆ.

ಆರನೇ ಹೆಜ್ಜೆ: ಮನೆಯ ಯಜಮಾನಿಕೆ

ಕತ್ತಲ ಎಲ್ಫ್ ಅಂದರೆ ರಾಣಿಯರು, ಚಾಟಿ ಹಿಡಿದ ಪೂಜಾರಿಣಿಯರು ಅಂತ ಆಗಿಬಿಟ್ಟಿದೆ. ಹೆಂಗಸರು ಆಳುತ್ತಾರೆ ಅನ್ನುವುದನ್ನೇ ಕ್ರೌರ್ಯದ ಗುರುತು ಮಾಡಿದ್ದು ನನಗೆ ಹಿಡಿಸುವುದಿಲ್ಲ. ಆಗುಂಬೆ ಘಾಟಿ ಇಳಿದರೆ ತುಳುನಾಡು. ಅಲ್ಲಿ ಅಳಿಯಕಟ್ಟು ಇತ್ತು, ಆಸ್ತಿ ಹೆಣ್ಣಿನ ಸಂತಾನದಲ್ಲಿ ಹರಿಯುತ್ತಿತ್ತು. ಆದರೂ ಎಷ್ಟೋ ಮನೆಗಳಲ್ಲಿ ಯಜಮಾನಿಕೆ ಸೋದರಮಾವನದು. ವಂಶ ಹೆಣ್ಣಿನದು, ಕೀಲಿಕೈ ಗಂಡಿನದು. ಅಧಿಕಾರ ಹೀಗೆ ಎರಡು ಮೂರು ಕೈಗಳಲ್ಲಿ ಹಂಚಿಹೋಗಿದ್ದರೆ ಮನೆಯೊಳಗೇ ಕಥೆ ಇರುತ್ತದೆ. ನನ್ನ ಜನರಲ್ಲಿ ನೀರಿನ ಲೆಕ್ಕ ಹೆಂಗಸರದು, ದಾರಿಯ ಲೆಕ್ಕ ಗಂಡಸರದು. ಮದುವೆ ಆದರೆ ಎರಡು ಲೆಕ್ಕವೂ ಸೇರಬೇಕು. ಇಷ್ಟು ಸಾಕು.

ಏಳನೇ ಹೆಜ್ಜೆ: ದೇವರು, ಹಬ್ಬ, ಚಿತ್ತಾರ

ಜೇಡ ದೇವತೆಯನ್ನು ಬಿಡಿ. ಅದು ಇನ್ನೊಬ್ಬರ ಸ್ವತ್ತು. ಒಂದು ಜನ ಯಾವುದಕ್ಕೆ ಹೆದರುತ್ತದೆ, ಯಾವುದಕ್ಕೆ ಋಣಿಯಾಗಿದೆ ಅಂತ ಕೇಳಿಕೊಳ್ಳಿ. ದೇವರು ಅಲ್ಲೇ ಸಿಗುತ್ತದೆ. ನಮ್ಮ ಚೌಡಿಗೆ ಗುಡಿ ಬೇಕಿಲ್ಲ, ಮರದ ಬುಡದ ಒಂದು ಕಲ್ಲು ಸಾಕು. ದೇವರಕಾಡಿನಲ್ಲಿ ಸೊಪ್ಪು ಕಡಿಯಬಾರದು ಅನ್ನುವ ಕಟ್ಟಳೆಯೇ ಪೂಜೆ.

ಹಬ್ಬಕ್ಕೆ ಭೂಮಿ ಹುಣ್ಣಿಮೆಯನ್ನು ಹತ್ತಿರದಿಂದ ನೋಡಿ. ಸಾಗರ, ಸೊರಬ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಭೂಮಣ್ಣಿ ಬುಟ್ಟಿ ಬರೆಯುತ್ತಾರೆ. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಗೆರೆ ಎಳೆಯುತ್ತಾರೆ. ಹಸೆ ಚಿತ್ತಾರದ ಗೆರೆ ಅದು, ತೆಳ್ಳಗೆ, ನೆಟ್ಟಗೆ. ರಾತ್ರಿಯಿಡೀ ಅಡುಗೆ. ನಸುಕಿನಲ್ಲೇ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಬಸುರಿ ಭೂಮಿಗೆ ಬಯಕೆ ಊಟ ಬಡಿಸಿ ಚರಗ ಬೀರುತ್ತಾರೆ. ಇದನ್ನು ಹಾಗೇ ಎತ್ತಿ ಎಲ್ಫ್‌ಗಳಿಗೆ ಅಂಟಿಸಬೇಡಿ. ಅದು ದೀವರದು, ಅವರದೇ ಆಗಿರಲಿ. ಆದರೆ ಅದರ ಒಳಗಿನ ಕ್ರಮ ಕಲಿಯಿರಿ: ಯಾವ ಸಾಮಾನು ಎಲ್ಲಿಂದ, ಯಾರ ಕೈ, ಯಾವ ಹೊತ್ತು, ಯಾರಿಗೆ ಮೊದಲ ತುತ್ತು. ಈ ನಾಲ್ಕಕ್ಕೆ ಉತ್ತರ ಇದ್ದರೆ ಯಾವ ಹಬ್ಬವೂ ನಿಲ್ಲುತ್ತದೆ.

ಕಲೆಯ ಮಾತಿಗೆ ಬಂದರೆ, ಕತ್ತಲಲ್ಲಿ ಬಣ್ಣಕ್ಕೆ ಏನು ಬೆಲೆ? ಅವರ ಚಿತ್ತಾರ ಬೆರಳಿಗೆ. ನಮ್ಮ ಅಜ್ಜಿಯ ಜಗಲಿ ಗೆರೆಯನ್ನು ನಾನು ಅಲ್ಲಿಗೆ ಕೊಂಡೊಯ್ದೆ. ತಣ್ಣೆಳಲಿನವರ ಪ್ರತಿ ಮನೆಯ ಎಡಗಡೆ ಗೋಡೆ ಮೇಲೆ ಮೇಲಿನ ಹಳೇ ಊರಿನ ನಕ್ಷೆ ಕೊರೆದಿದೆ. ಮಕ್ಕಳು ನಡೆಯಲು ಕಲಿಯುವುದೇ ಅದನ್ನು ಮುಟ್ಟುತ್ತಾ.

ಎಂಟನೇ ಹೆಜ್ಜೆ: ಬಣ್ಣ ಮತ್ತು ಕೇಡು

ಈ ಹೆಜ್ಜೆ ಬಿಟ್ಟು ಮುಂದೆ ಹೋಗಬೇಡಿ. ಕಪ್ಪು ಮೈ ಅಂದರೆ ಹುಟ್ಟಾ ಕೆಟ್ಟವರು ಅನ್ನುವ ಕಟ್ಟು ಹಳೆಯದು, ನೋವಿನದು. ಡಂಜನ್ಸ್ ಅಂಡ್ ಡ್ರಾಗನ್ಸ್ ಪ್ರಕಟಿಸುವ ಕಂಪನಿಯೇ 2020ರಲ್ಲಿ ಡ್ರೋಗಳನ್ನು, ಓರ್ಕ್ ಎಂಬ ರಾಕ್ಷಸರಂಥ ಜನರನ್ನು ಚಿತ್ರಿಸುವ ರೀತಿ ಬದಲಿಸುತ್ತೇವೆ ಅಂತ ಹೇಳಿತು. ಹೆಣ್ಣು ನೋಡಲು ಬಂದವರು "ಹುಡುಗಿ ಸ್ವಲ್ಪ ಕಪ್ಪು" ಅಂದದ್ದನ್ನು ಒಳಗೆ ಕೂತು ಕೇಳಿಸಿಕೊಂಡ ಹುಡುಗಿಯರು ನಮ್ಮ ಓದುಗರಲ್ಲಿ ಇದ್ದಾರೆ. ಅವರು ನಿಮ್ಮ ಕಥೆ ಓದುತ್ತಾರೆ ಅಂತ ನೆನಪಿಟ್ಟುಕೊಂಡು ಬರೆಯಿರಿ.

ಹಾಗಂತ ಅವರನ್ನೆಲ್ಲ ಪಾಪದವರು ಮಾಡುವುದೂ ಬೇಡ. ಯಕ್ಷಗಾನದ ಬಣ್ಣದ ವೇಷ ನೆನಪು ಮಾಡಿಕೊಳ್ಳಿ. ಚೌಕಿಯಲ್ಲಿ ಬಹಳ ಹೊತ್ತು ಕೂತು ಬರೆಯುವ ಮುಖ ಅದು. ರಾಕ್ಷಸನಿಗೆ ಒಡ್ಡೋಲಗ ಉಂಟು, ಗತ್ತು ಉಂಟು, ಅವನ ಕಡೆಯ ವಾದವನ್ನು ಅವನೇ ಮಂಡಿಸುತ್ತಾನೆ. ಬೆಳಗಿನ ಜಾವ ಅವನು ಸಾಯುತ್ತಾನೆ ಅಂತ ಗೊತ್ತಿದ್ದೂ ಜನ ಅವನ ಮಾತಿಗೆ ಕಾಯುತ್ತಾರೆ. ನಿಮ್ಮ ಕತ್ತಲ ಜನರಲ್ಲಿ ಕ್ರೂರಿಗಳು ಇರಲಿ, ಅವರ ಕ್ರೌರ್ಯಕ್ಕೆ ಕಾರಣ ಇರಲಿ. ಅದು ಚರ್ಮದಲ್ಲಿ ಇರಬಾರದು. ಮಾತಿನ ಧಾಟಿಯಲ್ಲೂ ಹುಷಾರು: ಯಾವುದೋ ಒಂದು ಸಮುದಾಯದ ಆಡುಮಾತನ್ನು ಖಳರ ಬಾಯಿಗೆ ಹಾಕಬೇಡಿ.

ಒಂಬತ್ತನೇ ಹೆಜ್ಜೆ: ಇಷ್ಟರಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ತೋರಿಸಿ

ಒಂದು ನೋಟ್‌ಬುಕ್ ಮಾಡಿ. ಐದೇ ಐದು ಘಟನೆ ಬರೆಯಿರಿ, ಎಡಗಡೆ ಮೇಲಿನವರ ಮಾತು, ಬಲಗಡೆ ಕೆಳಗಿನವರ ಮಾತು. ಅದನ್ನು ಯಾರಿಗೂ ಓದಿ ಹೇಳಬೇಡಿ. ಮೊದಲ ಅಧ್ಯಾಯದಲ್ಲಿ ಚರಿತ್ರೆ ಸುರಿಯಲು ಕೈ ತುರಿಸುತ್ತದೆ, ತಡೆದುಕೊಳ್ಳಿ. ಬದಲಿಗೆ ಒಂದು ವಸ್ತು, ಇಬ್ಬರು ಜನ, ಒಂದು ಸಣ್ಣ ಕೆಲಸ ಇಟ್ಟುಕೊಂಡು ಮೊದಲ ಪ್ಯಾರಾ ಬರೆಯಿರಿ. ನನ್ನದು ಐದನೇ ಸಲ ತಿದ್ದಿದ ಮೇಲೆ ಹೀಗೆ ಉಳಿಯಿತು:

ಅಜ್ಜಿ ಎಡಗೈಯನ್ನು ಗೋಡೆಗೆ ಆನಿಸಿಕೊಂಡು ನಡೆದಳು. ಮೊಮ್ಮಗಳು ಅದೇ ಗೆರೆಯ ಮೇಲೆ ಹಿಂದೆ ಬಂದಳು. ನೀರಿನ ಕೊಡ ಇಬ್ಬರ ನಡುವೆ ತೂಗುತ್ತಿತ್ತು. ಮೂರನೇ ತಿರುವಿನಲ್ಲಿ ಅಜ್ಜಿ ನಿಂತು, ಹುಡುಗಿಯ ಬೆರಳು ಹಿಡಿದು ಒಂದು ಪುಟ್ಟ ಕುಳಿಯ ಮೇಲೆ ಇಟ್ಟಳು.

"ಇಲ್ಲಿ ನಮ್ಮನೆ ಹಲಸಿನ ಮರ."

ಹುಡುಗಿ ಕುಳಿಯ ಸುತ್ತ ಬೆರಳಾಡಿಸಿದಳು. ತಣ್ಣಗಿತ್ತು.

"ಮರ ಅಂದ್ರೆ ಏನಜ್ಜಿ?"